ಡಿಸ್ಕ್ ನಕಲು ಮಾಡುವ ಮುನ್ನ ಬಯೋಸ್ ಸೆಟ್ಟಿಂಗ್ ಬರೆದಿಡುವ ಪದ್ಧತಿ ಬರಲಿ

ಸಂಪಾದಕರಿಗೆ,

ಮಾನ್ಯರೇ,

ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ವಾಡಿಕೆಯ ಭದ್ರತಾ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ನಮ್ಮಂತಹ ತಾಲ್ಲೂಕು ಕೇಂದ್ರಗಳ ಕಂಪ್ಯೂಟರ್ ದುರಸ್ತಿ ಅಂಗಡಿಗಳಿಗೆ ಒಂದೇ ಬಗೆಯ ಕೆಲಸ ಹೆಚ್ಚು ಹೆಚ್ಚು ಬರತೊಡಗಿದೆ. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಅದಕ್ಕಿಂತ ವೇಗದ, ತಿರುಗುವ ಭಾಗಗಳಿಲ್ಲದ ಡಿಸ್ಕಾದ ಎಸ್‌ಎಸ್‌ಡಿ ಹಾಕುವುದು, ಹಳೆಯದರಲ್ಲಿ ಇದ್ದುದನ್ನೆಲ್ಲ ಇದ್ದ ಹಾಗೆಯೇ ಹೊಸದಕ್ಕೆ ಇಳಿಸುವುದು, ಯಂತ್ರ ಒಪ್ಪುವುದಾದರೆ ವಿಂಡೋಸ್ 11ಕ್ಕೆ ಏರಿಸುವುದು. ಮುದ್ರಣಾಲಯದವರು, ಪತ್ತಿನ ಸಹಕಾರ ಸಂಘದವರು, ಲೆಕ್ಕ ಬರೆಯುವವರು, ಶಾಲೆಯವರು, ಮನೆಯಲ್ಲಿ ಮಕ್ಕಳ ಓದಿಗೆ ಕಂಪ್ಯೂಟರ್ ಇಟ್ಟುಕೊಂಡವರು ಎಲ್ಲರೂ ಇದಕ್ಕಾಗಿ ಬರುತ್ತಾರೆ. ಹೊಸ ಯಂತ್ರಕ್ಕೆ ಹಣ ಹೊಂದಿಸಲಾಗದವರಿಗೆ ಇದು ಒಳ್ಳೆಯ ದಾರಿಯೇ ಹೌದು. ಆದರೆ ಈ ಕೆಲಸ ಕೆಟ್ಟು, ಹಳೆಯ ಡಿಸ್ಕೂ ನಡೆಯದೆ ಹೊಸ ಡಿಸ್ಕೂ ನಡೆಯದೆ ಕಂಗಾಲಾಗಿ ಬರುವವರ ಸಂಖ್ಯೆಯೂ ಕಡಿಮೆಯಿಲ್ಲ. ಇಂತಹ ಹೆಚ್ಚಿನ ಪ್ರಕರಣಗಳಲ್ಲಿ ದೋಷವಿರುವುದು ಡಿಸ್ಕಿನಲ್ಲಲ್ಲ, ನಕಲು ಮಾಡುವ ಸಾಫ್ಟ್‌ವೇರಿನಲ್ಲೂ ಅಲ್ಲ. ಮದರ್‌ಬೋರ್ಡಿನ ಫರ್ಮ್‌ವೇರ್‌ನಲ್ಲಿ, ಅಂದರೆ ಯಂತ್ರದ ಮುಖ್ಯ ಫಲಕದಲ್ಲೇ ಇದ್ದು ವಿಂಡೋಸಿಗಿಂತ ಮೊದಲು ಓಡುವ ಪ್ರೋಗ್ರಾಮಿನಲ್ಲಿ, ನಾವೆಲ್ಲ ರೂಢಿಯಲ್ಲಿ ಬಯೋಸ್ ಎಂದು ಕರೆಯುವ ಜಾಗದಲ್ಲಿ, ಯಾರೋ ಬದಲಿಸಿ ಬರೆದಿಡದೆ ಬಿಟ್ಟ ಒಂದೆರಡು ಸೆಟ್ಟಿಂಗ್‌ಗಳಲ್ಲಿದೆ. ಇದನ್ನು ತಮ್ಮ ಪತ್ರಿಕೆಯ ಮೂಲಕ ಓದುಗರ, ನನ್ನ ವೃತ್ತಿಬಾಂಧವರ ಹಾಗೂ ಕಚೇರಿಗಳ ಗಮನಕ್ಕೆ ತರಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಈಚೆಗೆ ನಮ್ಮ ಊರಿನ ಡಿಟಿಪಿ ಅಂಗಡಿಯವರೊಬ್ಬರು ತಮ್ಮ ಯಂತ್ರವನ್ನು ಎರಡು ಡಿಸ್ಕ್‌ಗಳ ಸಮೇತ ತಂದರು. ಹಲವು ವರ್ಷಗಳ ಲಗ್ನಪತ್ರಿಕೆ, ರಸೀದಿ ಪುಸ್ತಕ, ಜಾತ್ರೆಯ ಕರಪತ್ರಗಳ ವಿನ್ಯಾಸವೆಲ್ಲ ನುಡಿ ಫಾಂಟುಗಳಲ್ಲಿ ಅದರೊಳಗಿತ್ತು. ಬೇರೊಂದು ಕಡೆ ಕ್ಲೋನ್, ಅಂದರೆ ಡಿಸ್ಕಿನ ಯಥಾವತ್ ನಕಲು, ಮಾಡಿಸಿದ ಮೇಲೆ ಎಸ್‌ಎಸ್‌ಡಿ ಹಾಕಿದರೆ ನೀಲಿ ಪರದೆ, ಅದರಲ್ಲಿ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’, ಅಂದರೆ ವಿಂಡೋಸ್ ಆರಂಭಿಸಬೇಕಾದ (ಬೂಟ್ ಮಾಡಬೇಕಾದ) ಡಿಸ್ಕ್ ಕೈಗೆ ಸಿಗುತ್ತಿಲ್ಲ ಎಂಬ ಸಂದೇಶ. ನಕಲು ಸರಿಯಾಗಿಲ್ಲವೆಂದು ಮತ್ತೆ ಮಾಡಿಸಿದರೂ ಅದೇ ಪರದೆ. ಕೊನೆಗೆ ಹಳೆಯ ಹಾರ್ಡ್ ಡಿಸ್ಕನ್ನೇ ಮರಳಿ ಜೋಡಿಸಿದಾಗ, ಹಿಂದಿನ ದಿನದವರೆಗೆ ಸರಿಯಾಗಿ ನಡೆಯುತ್ತಿದ್ದ ಅದೂ ಅದೇ ನೀಲಿ ಪರದೆ ತೋರಿಸಿತು. ‘ಎರಡೂ ಡಿಸ್ಕ್ ಹೋಗಿವೆ, ಫಾರ್ಮ್ಯಾಟ್ ಹೊಡೆಯಬೇಕು’ ಎಂದು ಅವರಿಗೆ ಹೇಳಲಾಗಿತ್ತು. ನಿಜ ಏನೆಂದರೆ, ಹಳೆಯ ಡಿಸ್ಕ್ ಕೂಡ ನಡೆಯದಿದ್ದುದೇ ಅಲ್ಲಿ ದೊಡ್ಡ ಸುಳಿವಾಗಿತ್ತು. ಯಾರೂ ಬರೆಯದ, ಯಾರೂ ಅಳಿಸದ ಡಿಸ್ಕ್ ಒಂದೇ ದಿನದಲ್ಲಿ ನಕಲಿನ ಜೊತೆಗೇ ಒಂದೇ ರೀತಿ ಕೆಡುವುದಿಲ್ಲ, ಹಾಗಾದರೆ ಬದಲಾಗಿರುವುದು ಅವೆರಡರ ಹೊರಗೆ ಇರುವ ಸಂಗತಿ. ಬಯೋಸ್ ತೆರೆದು ನೋಡಿದರೆ ಡಿಸ್ಕಿನ ಸಂಪರ್ಕದ ರೀತಿಯನ್ನು ಹೇಳುವ ಸಾಟಾ ಮೋಡ್ ಎಂಬಲ್ಲಿ ಎಎಚ್‌ಸಿಐ ಎಂದಿತ್ತು. ಆ ತಯಾರಿಕೆಯ ಯಂತ್ರಗಳು ಕಾರ್ಖಾನೆಯಿಂದ ಬರುವಾಗ, ಒಳಗೆ ಒಂದೇ ಡಿಸ್ಕ್ ಇದ್ದರೂ, ಹಲವು ಡಿಸ್ಕ್‌ಗಳನ್ನು ಒಟ್ಟಿಗೆ ಬಳಸಲೆಂದಿರುವ ರೇಡ್ ಎಂಬ ಆಯ್ಕೆಯಲ್ಲಿ ಇರುತ್ತವೆ. ಅದನ್ನು ಮತ್ತೆ ರೇಡ್‌ಗೆ ಬದಲಿಸಿ ಉಳಿಸಿದ ಕೂಡಲೇ ಮೊದಲು ಹಳೆಯ ಡಿಸ್ಕ್, ನಂತರ ಹೊಸ ಎಸ್‌ಎಸ್‌ಡಿ ಎರಡೂ ಎಂದಿನಂತೆ ತೆರೆದುಕೊಂಡವು. ಫಾರ್ಮ್ಯಾಟ್ ಮಾಡಿಸಿದ್ದರೆ ಏನಾಗುತ್ತಿತ್ತು ಎಂಬುದನ್ನು ಆ ಅಂಗಡಿಯವರ ಮುಖ ನೋಡಿಯೇ ತಿಳಿಯಬಹುದಿತ್ತು.

ಹೀಗೇಕೆ ಆಗುತ್ತದೆ ಎಂಬುದು ಕಷ್ಟದ ವಿಷಯವಲ್ಲ. ಡಿಸ್ಕಿನೊಡನೆ ಯಾವ ರೀತಿಯಲ್ಲಿ ಮಾತನಾಡಬೇಕು ಎಂಬುದನ್ನು ಸಾಟಾ ಮೋಡ್ ತೀರ್ಮಾನಿಸುತ್ತದೆ. ತೀರಾ ಹಳೆಯ ಯಂತ್ರಗಳಲ್ಲಿ ಐಡಿಇ, ಅನಂತರದವುಗಳಲ್ಲಿ ಎಎಚ್‌ಸಿಐ, ಕೆಲವು ಕಂಪನಿಗಳ ಯಂತ್ರಗಳಲ್ಲಿ ಇಂಟೆಲ್‌ನ ರೇಡ್ ಎಂಬ ಆಯ್ಕೆಗಳು ಇರುತ್ತವೆ. ವಿಂಡೋಸ್ ಸ್ಥಾಪನೆಯಾದಾಗ ಯಾವ ಮೋಡ್ ಇತ್ತೋ ಅದಕ್ಕೆ ಬೇಕಾದ ಡ್ರೈವರನ್ನು (ಡಿಸ್ಕನ್ನು ನಡೆಸುವ ಪುಟ್ಟ ಪ್ರೋಗ್ರಾಮನ್ನು) ಮಾತ್ರ ಆರಂಭದ ಹಂತದಲ್ಲಿ ಎಬ್ಬಿಸುವಂತೆ ಅದು ಸಿದ್ಧವಾಗಿರುತ್ತದೆ. ಆಮೇಲೆ ಮೋಡ್ ಬದಲಿಸಿದರೆ ತಾನು ನಿಂತಿರುವ ಡಿಸ್ಕನ್ನೇ ಓದಲಾರದೆ ನಿಂತುಬಿಡುತ್ತದೆ. ಕ್ಲೋನ್ ಎಂದರೆ ಯಥಾವತ್ತಾದ ನಕಲಾದ್ದರಿಂದ ಈ ಸಿದ್ಧತೆಯೂ ಹಾಗೆಯೇ ನಕಲಾಗಿರುತ್ತದೆ. ಇತ್ತ ನಕಲು ಮಾಡಲು ಪೆನ್‌ಡ್ರೈವಿನಿಂದ ನಡೆಸುವ ಲಿನಕ್ಸ್ ಆಧಾರಿತ ಸಾಧನಗಳಿಗೆ ರೇಡ್ ಮೋಡಿನಲ್ಲಿರುವ ಡಿಸ್ಕ್ ಹಲವು ಬಾರಿ ಕಾಣಿಸುವುದೇ ಇಲ್ಲ. ಆಗ ಕೆಲಸಗಾರ ಎಎಚ್‌ಸಿಐಗೆ ಬದಲಿಸುತ್ತಾನೆ, ಡಿಸ್ಕ್ ಕಾಣಿಸುತ್ತದೆ, ನಕಲು ಮುಗಿಯುತ್ತದೆ, ಮೋಡನ್ನು ಹಿಂದಕ್ಕೆ ತರುವುದು ಮರೆತುಹೋಗುತ್ತದೆ. ಹನ್ನೊಂದನೇ ಪೀಳಿಗೆಯ ಇಂಟೆಲ್ ಲ್ಯಾಪ್‌ಟಾಪುಗಳಿಂದ ಈಚೆಗೆ ಇದೇ ತೊಡಕು ವಿಎಂಡಿ ಎಂಬ ಬೇರೆ ಹೆಸರಿನಲ್ಲಿ ಎದುರಾಗುತ್ತಿದೆ. ಅದು ಚಾಲನೆಯಲ್ಲಿರುವಾಗ ಸೂಕ್ತ ಡ್ರೈವರ್ ಕೊಡದ ಹೊರತು ವಿಂಡೋಸ್ ಸ್ಥಾಪಿಸುವ ಪೆನ್‌ಡ್ರೈವಿಗೂ ಒಳಗಿನ ಎನ್‌ವಿಎಂಇ (ವೇಗದ ಬಗೆಯ ಎಸ್‌ಎಸ್‌ಡಿ) ಡಿಸ್ಕ್ ಕಾಣಿಸದೆ ಇರಬಹುದು. ಡಿಸ್ಕ್ ಕಾಣಿಸದಿದ್ದರೆ ಅದು ಸತ್ತಿದೆ ಎಂದು ತೀರ್ಮಾನಿಸುವ ಮೊದಲು ಬಯೋಸಿನ ಈ ಸಾಲನ್ನು ನೋಡಬೇಕು.

ಎಎಚ್‌ಸಿಐಗೇ ಹೋಗಬೇಕೆಂದಿದ್ದರೆ ಅದಕ್ಕೂ ಸುರಕ್ಷಿತ ಮಾರ್ಗವಿದೆ. ಹಳೆಯ ಮೋಡಿನಲ್ಲಿ ವಿಂಡೋಸ್ ತೆರೆದು, ಮುಂದಿನ ಬಾರಿ ಸೇಫ್ ಮೋಡಿನಲ್ಲಿ (ಅತ್ಯಗತ್ಯವಾದುದರಷ್ಟರಿಂದಲೇ ಏಳುವ ಸ್ಥಿತಿಯಲ್ಲಿ) ಏಳುವಂತೆ ವಿಂಡೋಸಿನದೇ ಸಾಧನವಾದ ಎಂಎಸ್‌ಕಾನ್ಫಿಗ್ ಮೂಲಕ ಹೇಳಿ, ಯಂತ್ರ ಮರುಪ್ರಾರಂಭವಾಗುವಾಗ ಬಯೋಸಿಗೆ ಹೋಗಿ ಮೋಡ್ ಬದಲಿಸಿದರೆ, ಸೇಫ್ ಮೋಡಿನಲ್ಲಿ ವಿಂಡೋಸ್ ತನಗೆ ಬೇಕಾದ ಡ್ರೈವರನ್ನು ತಾನೇ ಗುರುತಿಸಿಕೊಳ್ಳುತ್ತದೆ. ನಂತರ ಆ ಗುರುತನ್ನು ತೆಗೆದು ಮಾಮೂಲಿನಂತೆ ಆರಂಭಿಸಬಹುದು. ಸೇಫ್ ಮೋಡಿನಲ್ಲಿ ನಾಲ್ಕಂಕಿಯ ಪಿನ್ ನಡೆಯದೆ ಪೂರ್ಣ ಪಾಸ್‌ವರ್ಡ್ ಕೇಳಬಹುದಾದ್ದರಿಂದ ಅದನ್ನು ಮೊದಲೇ ನೆನಪು ಮಾಡಿಕೊಂಡಿರಬೇಕು. ಇದನ್ನು ನಕಲು ಮಾಡುವ ಮುಂಚೆ ಹಳೆಯ ಡಿಸ್ಕಿನಲ್ಲೇ ಮಾಡಿ ಮುಗಿಸಿದರೆ ನಕಲಾಗುವುದೇ ಸರಿಯಾದ ಸ್ಥಿತಿಯ ಪ್ರತಿ.

ಇದಕ್ಕಿಂತ ವ್ಯಾಪಕವಾದ ಗೊಂದಲವಿರುವುದು ಹಳೆಯ ಬಯೋಸ್ ಮತ್ತು ಅದರ ಬದಲಿಗೆ ಬಂದಿರುವ ಈಗಿನ ಫರ್ಮ್‌ವೇರ್ ಆದ ಯುಇಎಫ್‌ಐ ನಡುವೆ. 1981ರ ಐಬಿಎಂ ಪಿಸಿಯ ಕಾಲದಿಂದ ಬಂದ ಬಯೋಸ್, ಡಿಸ್ಕಿನ ಮೊಟ್ಟಮೊದಲ 512 ಬೈಟುಗಳ ಸೆಕ್ಟರನ್ನು (ಡಿಸ್ಕಿನ ಚಿಕ್ಕ ತುಣುಕನ್ನು) ಓದಿ ಅಲ್ಲಿರುವ ಪುಟ್ಟ ಪ್ರೋಗ್ರಾಮಿಗೆ ಚುಕ್ಕಾಣಿ ಒಪ್ಪಿಸುತ್ತದೆ. ಆ ಸೆಕ್ಟರಿನಲ್ಲೇ ಎಂಬಿಆರ್ ಎಂಬ ವಿಭಾಗಗಳ ಪಟ್ಟಿಯೂ ಇರುತ್ತದೆ. ಅದರಲ್ಲಿ ನಾಲ್ಕೇ ಮುಖ್ಯ ವಿಭಾಗಗಳಿಗೆ ಜಾಗ, ಮತ್ತು ಸೆಕ್ಟರ್ ಸಂಖ್ಯೆಗೆ 32 ಬಿಟ್‌ಗಳಷ್ಟೇ ಇರುವುದರಿಂದ ಸುಮಾರು 2 ಟಿಬಿಗಿಂತ ಆಚೆಗಿನ ಜಾಗ ಅದಕ್ಕೆ ನಿಲುಕುವುದಿಲ್ಲ. ಬ್ಯಾಕಪ್‌ಗೆಂದು 4 ಟಿಬಿ ಡಿಸ್ಕ್ ಕೊಂಡು ಎಂಬಿಆರ್ ರೀತಿಯಲ್ಲಿ ಸಿದ್ಧಪಡಿಸಿ ಅರ್ಧ ಜಾಗ ಕಾಣೆಯಾಯಿತೆಂದು ದೂರುವವರ ಸಮಸ್ಯೆಯ ಮೂಲ ಇದೇ. ಯುಇಎಫ್‌ಐ ಹಾಗಲ್ಲ. ಅದು ಜಿಪಿಟಿ ಎಂಬ ಪಟ್ಟಿಯನ್ನು ಬಳಸುತ್ತದೆ, ಆ ಪಟ್ಟಿಯ ಇನ್ನೊಂದು ಪ್ರತಿಯನ್ನು ಡಿಸ್ಕಿನ ಕೊನೆಯಲ್ಲಿಯೂ ಇಡುತ್ತದೆ, ಮತ್ತು ಇಎಫ್‌ಐ ಸಿಸ್ಟಂ ಪಾರ್ಟಿಷನ್ ಎಂಬ ಚಿಕ್ಕ ಫ್ಯಾಟ್32 ವಿಭಾಗದೊಳಗಿನ ಕಡತವೊಂದನ್ನು ತೆರೆದು ಆರಂಭಿಸುತ್ತದೆ. ನಡುವಿನ ಕಾಲದ ಮದರ್‌ಬೋರ್ಡುಗಳಲ್ಲಿ ಎರಡೂ ರೀತಿ ನಡೆಯಲೆಂದು ಸಿಎಸ್ಎಂ ಅಥವಾ ಲೆಗಸಿ ಎಂಬ ಆಯ್ಕೆ ಕೊಟ್ಟಿರುತ್ತಾರೆ. ಈಚಿನ ಅನೇಕ ಯಂತ್ರಗಳಲ್ಲಿ ಆ ಆಯ್ಕೆಯೇ ಇಲ್ಲ.

ಎಂಬಿಆರ್ ಡಿಸ್ಕಿನ ಯಥಾವತ್ ನಕಲು ಎಂಬಿಆರ್ ಡಿಸ್ಕೇ ಆಗಿರುತ್ತದೆ. ಅದನ್ನು ಯುಇಎಫ್‌ಐ ಮಾತ್ರ ಬಲ್ಲ ಹೊಸ ಯಂತ್ರಕ್ಕೆ ಹಾಕಿದರೆ, ಒಳಗಿನ ಪ್ರತಿಯೊಂದು ಕಡತವೂ ಸರಿಯಾಗಿದ್ದರೂ, ಕಪ್ಪು ಪರದೆಯ ಮೇಲೆ ಬೂಟ್ ಆಗುವ ಸಾಧನವಿಲ್ಲ ಎಂಬ ಬಿಳಿ ಅಕ್ಷರಗಳು ಬಂದು ನಿಲ್ಲುತ್ತವೆ. ಇದಕ್ಕೆ ತದ್ವಿರುದ್ಧವಾಗಿ, ಜಿಪಿಟಿಯಲ್ಲಿ ಚೆನ್ನಾಗಿ ನಕಲಾದ ಡಿಸ್ಕನ್ನು ಲೆಗಸಿ ಮೋಡಿನಲ್ಲಿರುವ ಹಳೆಯ ಬೋರ್ಡು ತೆರೆಯಲಾರದು. ನಕಲು ಮಾಡುವ ಪೆನ್‌ಡ್ರೈವ್ ಕೂಡ ಯಾವ ರೀತಿಯಲ್ಲಿ ಎದ್ದಿದೆ ಎಂಬುದು ಮುಖ್ಯ. ಬೂಟ್ ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಬಾರಿ ಕಾಣಿಸಿದರೆ, ಯುಇಎಫ್‌ಐ ಎಂಬ ಮುನ್ನುಡಿಯಿರುವ ಸಾಲು ಬೇರೆ, ಇಲ್ಲದ ಸಾಲು ಬೇರೆ. ನಮ್ಮ ವಿಂಡೋಸ್ ಯಾವ ರೀತಿಯದೋ ಅದೇ ಸಾಲನ್ನು ಆರಿಸಬೇಕು. ಇದನ್ನು ತಿಳಿಯುವುದು ಸುಲಭ: ವಿಂಡೋಸಿನ ಸಿಸ್ಟಂ ಇನ್‌ಫರ್ಮೇಷನ್ ತೆರೆದರೆ ಬಯೋಸ್ ಮೋಡ್ ಎಂಬ ಸಾಲಿನಲ್ಲಿ ಲೆಗಸಿ ಅಥವಾ ಯುಇಎಫ್‌ಐ ಎಂದು ಬರೆದಿರುತ್ತದೆ. ಯಂತ್ರ ಬಿಚ್ಚುವ ಮೊದಲು ಈ ಒಂದು ಪುಟದ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಂಡರೆ ಎಷ್ಟೋ ಅಲೆದಾಟ ತಪ್ಪುತ್ತದೆ.

ವಿಂಡೋಸ್ 11 ಯುಇಎಫ್‌ಐ, ಸೆಕ್ಯೂರ್ ಬೂಟ್ (ಸಹಿ ಇರುವ ಆರಂಭಿಕ ಪ್ರೋಗ್ರಾಮುಗಳನ್ನಷ್ಟೇ ಏಳಲು ಬಿಡುವ ವ್ಯವಸ್ಥೆ) ಸಾಮರ್ಥ್ಯ ಮತ್ತು ಟಿಪಿಎಂ 2.0 (ಕೀಲಿಗಳನ್ನು ಕಾಯುವ ಭದ್ರತಾ ಚಿಪ್) ಕೇಳುವುದರಿಂದ ಲೆಗಸಿಯಲ್ಲಿದ್ದ ಯಂತ್ರವನ್ನು ಯುಇಎಫ್‌ಐಗೆ ತರುವ ಸಂದರ್ಭ ಹೆಚ್ಚಾಗಿದೆ. ವಿಂಡೋಸ್ 10ರಲ್ಲಿ 2017ರಿಂದ ಎಂಬಿಆರ್2ಜಿಪಿಟಿ ಎಂಬ ಸಾಧನ ಜೊತೆಗೇ ಬರುತ್ತದೆ. ಅದು ಒಳಗಿನ ಕಡತಗಳನ್ನು ಅಳಿಸದೆ ಪಟ್ಟಿಯನ್ನು ಬದಲಿಸುತ್ತದೆ. ಆದರೆ ಅದರ ಕೆಲಸ ಮುಗಿದ ಕೂಡಲೇ ಫರ್ಮ್‌ವೇರ್‌ನಲ್ಲಿ ಲೆಗಸಿಯಿಂದ ಯುಇಎಫ್‌ಐಗೆ ನಾವೇ ಬದಲಿಸಬೇಕು, ಇಲ್ಲದಿದ್ದರೆ ಯಂತ್ರ ಏಳುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಈ ಪರಿವರ್ತನೆಯನ್ನು ಮೂಲ ಡಿಸ್ಕಿನ ಮೇಲೆ ಎಂದೂ ಮಾಡಬಾರದು. ಮೊದಲು ಹಳೆಯ ಸ್ಥಿತಿಯಲ್ಲೇ ನಕಲು ಮಾಡಿ, ಆ ನಕಲು ಲೆಗಸಿಯಲ್ಲಿ ಸರಿಯಾಗಿ ತೆರೆದುಕೊಳ್ಳುವುದನ್ನು ನೋಡಿ, ಮೂಲವನ್ನು ತೆಗೆದು ಬೀರುವಿನಲ್ಲಿಟ್ಟು, ಆಮೇಲೆ ನಕಲಿನ ಮೇಲೆ ಪರಿವರ್ತನೆ ಮಾಡಿದರೆ, ಏನೇ ಕೆಟ್ಟರೂ ಹಿಂದಿರುಗಲು ದಾರಿ ಉಳಿದಿರುತ್ತದೆ.

ಡಿಸ್ಕಿನಲ್ಲಿರುವುದನ್ನು ಕೀಲಿಯಿಲ್ಲದೆ ಓದಲಾಗದಂತೆ ಗೂಢಲಿಪಿಗೆ ಬದಲಿಸುವ ವಿಂಡೋಸಿನ ಬಿಟ್‌ಲಾಕರ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ಇಲ್ಲಿ ಆಗುವ ನಷ್ಟಕ್ಕೆ ಯಾವ ದುರಸ್ತಿ ಅಂಗಡಿಯಲ್ಲೂ ಪರಿಹಾರವಿಲ್ಲ. ಈಚಿನ ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿದ ಕೂಡಲೇ, ಮಾಲೀಕರಿಗೆ ಗೊತ್ತೇ ಆಗದಂತೆ, ಡಿಸ್ಕ್ ಗೂಢಲಿಪೀಕರಣಗೊಂಡಿರುತ್ತದೆ. ಅದರ ಕೀಲಿಯನ್ನು ಮದರ್‌ಬೋರ್ಡಿನ ಟಿಪಿಎಂ ಎಂಬ ಭದ್ರತಾ ಚಿಪ್ ಕಾಯುತ್ತದೆ. ಯಂತ್ರ ಆರಂಭವಾಗುವ ಕ್ರಮ ಎಂದಿನಂತೆಯೇ ಇದ್ದರೆ ಮಾತ್ರ ಕೀಲಿ ಬಿಟ್ಟುಕೊಡುತ್ತದೆ. ಸೆಕ್ಯೂರ್ ಬೂಟ್ ಆಫ್ ಮಾಡಿದರೆ, ಫರ್ಮ್‌ವೇರ್ ನವೀಕರಿಸಿದರೆ, ಟಿಪಿಎಂ ಸೆಟ್ಟಿಂಗ್ ಮುಟ್ಟಿದರೆ, ಕೆಲವೊಮ್ಮೆ ಬೂಟ್ ಕ್ರಮ ಬದಲಿಸಿದರೂ, ಅದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಆರಾರು ಅಂಕಿಗಳ ಎಂಟು ಗುಂಪುಗಳಲ್ಲಿರುವ ಆ ಸಂಖ್ಯೆ ಸಾಮಾನ್ಯವಾಗಿ ಮಾಲೀಕರ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತದೆ. ಆದರೆ ಎಷ್ಟೋ ಮನೆಗಳಲ್ಲಿ ಆ ಖಾತೆಯನ್ನು ಲ್ಯಾಪ್‌ಟಾಪ್ ಮಾರಿದ ಅಂಗಡಿಯ ಹುಡುಗನೇ ತೆರೆದಿರುತ್ತಾನೆ, ಅದರ ಇಮೇಲ್ ಯಾವುದೆಂದೂ ಮನೆಯವರಿಗೆ ತಿಳಿದಿರುವುದಿಲ್ಲ. ಪದವಿ ಓದುವ ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗಳು ಹೀಗೆ ಕೈಗೆ ಸಿಗದಂತಾಗಿರುವುದನ್ನು ಕಂಡು ನನಗೆ ನಿಜವಾಗಿಯೂ ಸಂಕಟವಾಗಿದೆ. ಆದ್ದರಿಂದ ಬಯೋಸಿನಲ್ಲಿ ಏನನ್ನೇ ಮುಟ್ಟುವ ಮೊದಲು ರಿಕವರಿ ಕೀಯನ್ನು ತೆರೆದು ಕಾಗದದ ಮೇಲೆ ಬರೆದುಕೊಳ್ಳಬೇಕು, ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ತಡೆಹಿಡಿಯಬೇಕು, ಕ್ಲಿಯರ್ ಟಿಪಿಎಂ ಎಂಬ ಆಯ್ಕೆಯ ಹತ್ತಿರವೂ ಹೋಗಬಾರದು. ವಿಂಡೋಸ್ ನಡೆಯುತ್ತಿರುವಾಗಲೇ ಅದರೊಳಗಿನ ಸಾಫ್ಟ್‌ವೇರಿನಿಂದ ನಕಲು ಮಾಡಿದರೆ ಹೊಸ ಡಿಸ್ಕ್ ಸಾಮಾನ್ಯವಾಗಿ ಗೂಢಲಿಪಿಯಿಲ್ಲದೆ ಬರುತ್ತದೆ, ಪೆನ್‌ಡ್ರೈವಿನಿಂದ ಸೆಕ್ಟರ್ ಸೆಕ್ಟರಾಗಿ ನಕಲು ಮಾಡಿದರೆ ಗೂಢಲಿಪಿಯ ಸಮೇತ ಬರುತ್ತದೆ. ಮೊದಲ ರೀತಿಯಲ್ಲಿ ಮಾಡಿಸಿಕೊಂಡವರು ಕೆಲಸ ಮುಗಿದ ಮೇಲೆ ಬಿಟ್‌ಲಾಕರನ್ನು ಮತ್ತೆ ಚಾಲೂ ಮಾಡಿಕೊಳ್ಳುವುದು ಒಳ್ಳೆಯದು.

ಸೆಕ್ಯೂರ್ ಬೂಟ್ ಚಾಲೂ ಇರುವಾಗ ಸರಿಯಾದ ಡಿಜಿಟಲ್ ಸಹಿ ಇಲ್ಲದ ಪೆನ್‌ಡ್ರೈವ್ ಏಳುವುದಿಲ್ಲ. ಹಾಗಾಗಿ ಅದನ್ನು ಆಫ್ ಮಾಡುವುದೇ ಅನೇಕರಿಗೆ ಅಭ್ಯಾಸವಾಗಿಬಿಟ್ಟಿದೆ. ಸಹಿ ಇರುವ ಆವೃತ್ತಿಗಳು ಕ್ಲೋನ್‌ಜಿಲ್ಲಾದಂತಹ ಮುಕ್ತ ಸಾಧನಗಳಲ್ಲೂ ದೊರೆಯುವುದರಿಂದ ಅವನ್ನು ಬಳಸುವುದು ಲೇಸು. ಅನಿವಾರ್ಯವಾಗಿ ಆಫ್ ಮಾಡಿದರೆ ಮರಳಿ ಆನ್ ಮಾಡಿಯೇ ಯಂತ್ರವನ್ನು ಕೊಡಬೇಕು. ಸೆಕ್ಯೂರ್ ಬೂಟಿಗಾಗಿ ಮೈಕ್ರೋಸಾಫ್ಟ್ 2011ರಲ್ಲಿ ನೀಡಿದ್ದ ಪ್ರಮಾಣಪತ್ರಗಳ ಅವಧಿ 2026ರ ಜೂನ್‌ನಿಂದ ಮುಗಿಯತೊಡಗುವುದರಿಂದ ಹೊಸ ಪ್ರಮಾಣಪತ್ರಗಳು ನವೀಕರಣದ ಮೂಲಕ ಫರ್ಮ್‌ವೇರಿಗೆ ಸೇರುತ್ತಿವೆ. ಈ ಸಮಯದಲ್ಲಿ ಕೀಲಿಗಳನ್ನು ಕಾರ್ಖಾನೆಯ ಸ್ಥಿತಿಗೆ ಮರಳಿಸುವ ಆಯ್ಕೆಯನ್ನು ಕಾರಣವಿಲ್ಲದೆ ಒತ್ತಬಾರದು ಎಂಬುದನ್ನು ವೃತ್ತಿಬಾಂಧವರು ವಿಶೇಷವಾಗಿ ಗಮನಿಸಬೇಕು.

ಫಾಸ್ಟ್ ಬೂಟ್ ಮತ್ತು ಫಾಸ್ಟ್ ಸ್ಟಾರ್ಟಪ್ ಎರಡೂ ಒಂದೇ ಎಂಬ ತಪ್ಪು ತಿಳಿವಳಿಕೆಯೂ ಇದೆ. ಮೊದಲನೆಯದು ಫರ್ಮ್‌ವೇರಿನದು. ಅದು ಆರಂಭದ ತಪಾಸಣೆಗಳನ್ನು ಮೊಟಕು ಮಾಡುವುದರಿಂದ ಎಫ್‌2 ಅಥವಾ ಡಿಲೀಟ್ ಕೀ ಒತ್ತಿದರೂ ಯಂತ್ರಕ್ಕೆ ಕೇಳಿಸದೆ ಹೋಗಬಹುದು. ಎರಡನೆಯದು ವಿಂಡೋಸಿನದು. ಶಟ್‌ಡೌನ್ ಮಾಡಿದರೂ ಅದು ಅರೆನಿದ್ರೆಯ ಸ್ಥಿತಿಯಲ್ಲಿ ಡಿಸ್ಕನ್ನು ಬಿಟ್ಟು ಮಲಗುವುದರಿಂದ, ಆಗ ಹೊರಗಿನಿಂದ ತೆಗೆದ ನಕಲು ಅಪೂರ್ಣ ಸ್ಥಿತಿಯದಾಗಿರುತ್ತದೆ. ಶಿಫ್ಟ್ ಕೀ ಒತ್ತಿಹಿಡಿದು ಶಟ್‌ಡೌನ್ ಮಾಡಿದರೆ ಪೂರ್ಣವಾಗಿ ಮುಚ್ಚುತ್ತದೆ.

ಹಳೆಯ ಡೆಸ್ಕ್‌ಟಾಪುಗಳಲ್ಲಿ ಇನ್ನೊಂದು ಸಣ್ಣ ವಸ್ತುವಿನಿಂದ ದೊಡ್ಡ ತೊಂದರೆಯಾಗುತ್ತದೆ. ಮದರ್‌ಬೋರ್ಡಿನ ಮೇಲೆ ನಾಣ್ಯದಂತಹ 3 ವೋಲ್ಟಿನ ಸಿಆರ್2032 ಸೆಲ್ ಒಂದಿರುತ್ತದೆ. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವುದೂ, ಅನೇಕ ಬೋರ್ಡುಗಳಲ್ಲಿ ಬಯೋಸ್ ಸೆಟ್ಟಿಂಗ್‌ಗಳನ್ನು ಉಳಿಸುವುದೂ ಅದರ ಕೆಲಸ. ಅದು ಸವೆದಿದ್ದರೆ, ರಾತ್ರಿ ಗೋಡೆಯ ಸ್ವಿಚ್ ಆರಿಸಿ ಬೆಳಿಗ್ಗೆ ಹಾಕಿದಾಗ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗಿರುತ್ತದೆ, ಸಾಟಾ ಮೋಡ್, ಬೂಟ್ ಕ್ರಮ, ಲೆಗಸಿ ಆಯ್ಕೆ ಎಲ್ಲವೂ ಕಾರ್ಖಾನೆಯ ಸ್ಥಿತಿಗೆ ಮರಳಿರುತ್ತವೆ. ಗ್ರಾಮಾಂತರದ ಸಹಕಾರ ಸಂಘವೊಂದರಲ್ಲಿ ಎಸ್‌ಎಸ್‌ಡಿ ಹಾಕಿದ ದಿನ ಚೆನ್ನಾಗಿ ನಡೆದ ಯಂತ್ರ, ಕರೆಂಟ್ ಹೋಗಿ ಬಂದ ಮರುದಿನ ಎದ್ದೇಳಲಿಲ್ಲ. ಹೊಸ ಎಸ್‌ಎಸ್‌ಡಿ ಕಳಪೆ ಎಂದು ಕಾರ್ಯದರ್ಶಿಯವರು ತೀರ್ಮಾನಿಸಿದ್ದರು. ಸೆಲ್ ಅಳೆದು ನೋಡಿದರೆ 2 ವೋಲ್ಟಿಗಿಂತ ಕೆಳಗಿತ್ತು. ಸೆಲ್ ಬದಲಿಸಿ, ಮೋಡ್ ಸರಿಪಡಿಸಿದ ಮೇಲೆ ಯಂತ್ರ ಸುಸ್ಥಿತಿಗೆ ಬಂತು. ದಿನಾಂಕ ತಪ್ಪಿದ್ದಾಗ ಇನ್ನೂ ಒಂದು ಅಪಾಯವಿದೆ: ದಿನವೂ ತಾನಾಗಿ ಆಗಬೇಕಾದ ಬ್ಯಾಕಪ್ ಹಳೆಯ ದಿನಾಂಕದಲ್ಲಿ ಆಗುತ್ತದೆ ಅಥವಾ ಆಗುವುದೇ ಇಲ್ಲ. ಅಂಗಡಿಗೆ ಬಂದ ಹಳೆಯ ಯಂತ್ರದ ಸೆಲ್ ಬದಲಿಸದೆ ಡಿಸ್ಕ್ ನಕಲಿಗೆ ಕೈಹಾಕಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಂದು ಸೆಲ್ಲಿನ ಬೆಲೆ ಗ್ರಾಹಕರಿಗೆ ಭಾರವಾಗುವಂಥದ್ದಲ್ಲ.

ಮದರ್‌ಬೋರ್ಡಿಗೇ ನೇರವಾಗಿ ಸಿಕ್ಕಿಸುವ ಚಪ್ಪಟೆ ಎಂ.2 ಎಸ್‌ಎಸ್‌ಡಿ ಕೊಳ್ಳುವವರೂ ಮೊದಲೇ ವಿಚಾರಿಸಿಕೊಳ್ಳಬೇಕು. ನೋಡಲು ಒಂದೇ ತರಹ ಇದ್ದರೂ ಅದರಲ್ಲಿ ಸಾಟಾ ಮತ್ತು ಎನ್‌ವಿಎಂಇ ಎಂಬ ಎರಡು ಬಗೆಗಳಿವೆ. ಎನ್‌ವಿಎಂಇ ಡ್ರೈವರ್ ಇಲ್ಲದ ಹಳೆಯ ಫರ್ಮ್‌ವೇರ್ ಅದರಿಂದ ಬೂಟ್ ಮಾಡಲಾರದು. ಕೆಲವು ಬೋರ್ಡುಗಳಲ್ಲಿ ಎಂ.2 ಜಾಗ ತುಂಬಿದರೆ ಒಂದೆರಡು ಸಾಟಾ ಪೋರ್ಟುಗಳು ತಾವಾಗಿ ನಿಷ್ಕ್ರಿಯವಾಗುತ್ತವೆ. ಅದೇ ಪೋರ್ಟಿಗೆ ಹಳೆಯ ಡಿಸ್ಕ್ ಜೋಡಿಸಿದ್ದರೆ ನಕಲು ಮಾಡಬೇಕಾದ ಡಿಸ್ಕೇ ಮಾಯವಾದಂತೆ ಕಾಣುತ್ತದೆ. ಕೇಬಲನ್ನು ಪಕ್ಕದ ಪೋರ್ಟಿಗೆ ಹಾಕಿದರೆ ಸರಿಹೋಗುತ್ತದೆ.

ನಕಲು ಮುಗಿದ ಮೇಲಿನ ಮೊದಲ ಆರಂಭದಲ್ಲಿ ಹಳೆಯ ಡಿಸ್ಕ್ ಯಂತ್ರದಲ್ಲಿ ಇರಲೇಬಾರದು. ಯಥಾವತ್ ನಕಲಿನಲ್ಲಿ ಡಿಸ್ಕಿನ ಗುರುತಿನ ಸಂಖ್ಯೆಯೂ ನಕಲಾಗಿರುವುದರಿಂದ ವಿಂಡೋಸ್ ಎರಡರಲ್ಲೊಂದನ್ನು ಆಫ್‌ಲೈನ್ ಮಾಡಬಹುದು. ಇಲ್ಲವೇ ಹೊಸದರಿಂದ ನಡೆಯುತ್ತಿದೆ ಎಂದು ನಾವು ನಂಬಿರುವಾಗ ಹಳೆಯದರಿಂದಲೇ ನಡೆಯುತ್ತಿರಬಹುದು. ಹೀಗೆ ವಾರಗಟ್ಟಲೆ ಕೆಲಸ ಮಾಡಿ, ಬಳಿಕ ಹಳೆಯ ಡಿಸ್ಕನ್ನು ಅಳಿಸಿ, ಅಷ್ಟೂ ದಿನದ ಲೆಕ್ಕ ಕಳೆದುಕೊಂಡವರಿದ್ದಾರೆ. ಯುಇಎಫ್‌ಐ ಯಂತ್ರಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ವಿಂಡೋಸ್ ಬೂಟ್ ಮ್ಯಾನೇಜರ್ ಎಂಬ ನಮೂದು ಮದರ್‌ಬೋರ್ಡಿನ ನೆನಪಿನಲ್ಲಿ ಇರುತ್ತದೆ, ಮತ್ತು ಅದು ನಿರ್ದಿಷ್ಟ ವಿಭಾಗದ ಗುರುತನ್ನು ಹಿಡಿದಿರುತ್ತದೆ. ನಕಲು ಮಾಡುವಾಗ ಸಾಫ್ಟ್‌ವೇರ್ ಹೊಸ ಗುರುತು ಕೊಟ್ಟಿದ್ದರೆ, ಜಮೀನು ಮಗನಿಗೆ ಬಂದ ಮೇಲೂ ಪಹಣಿ ತಂದೆಯ ಹೆಸರಿನಲ್ಲೇ ಉಳಿದಂತೆ, ಫರ್ಮ್‌ವೇರ್ ಇಲ್ಲದ ವಿಭಾಗವನ್ನೇ ಹುಡುಕುತ್ತಿರುತ್ತದೆ. ಬಿಸಿಡಿಬೂಟ್ ಎಂಬ ವಿಂಡೋಸಿನ ಸಾಧನದಿಂದ ಆ ನಮೂದನ್ನು ಹೊಸದಾಗಿ ಬರೆಸಿದರೆ ಸಾಕು, ಮತ್ತೆ ನಕಲು ಮಾಡುವ ಅಗತ್ಯವಿಲ್ಲ.

ಮೂಲ ಯಾವುದು, ಗುರಿ ಯಾವುದು ಎಂಬುದರಲ್ಲಿ ತಪ್ಪಾದರೆ ಮಾತ್ರ ಮೇಲೆ ಹೇಳಿದ ಯಾವ ಉಪಾಯವೂ ನೆರವಿಗೆ ಬರುವುದಿಲ್ಲ, ಖಾಲಿ ಡಿಸ್ಕ್ ತುಂಬಿದ ಡಿಸ್ಕಿನ ಮೇಲೆ ಹೋಗಿ ಕುಳಿತಿರುತ್ತದೆ. ಎರಡೂ ಒಂದೇ ಕಂಪನಿಯ ಒಂದೇ ಗಾತ್ರದ ಡಿಸ್ಕ್‌ಗಳಾಗಿದ್ದರೆ ಹೆಸರು ನೋಡಿ ನಿರ್ಧರಿಸುವಂತಿಲ್ಲ. ಡಿಸ್ಕಿನ ಮೇಲಂಟಿಸಿದ ಚೀಟಿಯ ಸೀರಿಯಲ್ ಸಂಖ್ಯೆಯ ಕೊನೆಯ ಕೆಲವು ಅಂಕಿಗಳನ್ನು ಬರೆದುಕೊಂಡು, ಬಯೋಸಿನಲ್ಲಿ ಹಾಗೂ ನಕಲು ಸಾಧನದ ಪರದೆಯಲ್ಲಿ ಹೋಲಿಸಿ ನೋಡಿಯೇ ಮುಂದುವರಿಯಬೇಕು. ಡಿಸ್ಕ್ ಈಗಾಗಲೇ ಟಕಟಕ ಸದ್ದು ಮಾಡುತ್ತಿದ್ದರೆ ಅಥವಾ ಆರಂಭದಲ್ಲೇ ಡಿಸ್ಕ್ ಕೆಡುತ್ತಿದೆ ಎನ್ನುವ ಸ್ಮಾರ್ಟ್ ಎಚ್ಚರಿಕೆ ಬರುತ್ತಿದ್ದರೆ ಸಾಮಾನ್ಯ ಕ್ಲೋನ್ ಸಾಧನವನ್ನು ಅದರ ಮೇಲೆ ಓಡಿಸಬಾರದು. ಕೆಟ್ಟ ಸೆಕ್ಟರುಗಳನ್ನು ಮೊದಲ ಸುತ್ತಿನಲ್ಲಿ ಬಿಟ್ಟು ಓದಲು ಬರುವುದನ್ನೆಲ್ಲ ಮೊದಲು ಎತ್ತಿಕೊಳ್ಳುವ ಗ್ನೂ ಡಿಡಿರೆಸ್ಕ್ಯೂನಂತಹ ಸಾಧನ ಬಳಸಬೇಕು. ಕೆಲಸ ನಡೆಯುವಷ್ಟು ಹೊತ್ತೂ ಯುಪಿಎಸ್ ಇರಬೇಕು, ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿರಬೇಕು.

ಕ್ಲೋನ್ ಮಾಡಿಸಿದ್ದೇವೆ, ಇನ್ನು ಬ್ಯಾಕಪ್ ಏಕೆ ಎಂದು ಕೇಳುವವರಿಗೆ ಒಂದು ಮಾತು. ಕ್ಲೋನ್ ಎಂಬುದು ಆ ಒಂದು ದಿನದ ಸ್ಥಿತಿಯ ಪ್ರತಿ ಮಾತ್ರ. ನಾಳೆ ಬರೆದ ಲೆಕ್ಕ ಅದರಲ್ಲಿರುವುದಿಲ್ಲ, ಮತ್ತು ಅದನ್ನೇ ಯಂತ್ರಕ್ಕೆ ಜೋಡಿಸಿ ಇಟ್ಟರೆ ಮೂಲಕ್ಕೆ ಬಂದ, ಕಡತಗಳನ್ನು ಒತ್ತೆಯಿಟ್ಟು ಹಣ ಕೇಳುವ ರ‍್ಯಾನ್ಸಮ್‌ವೇರ್ ಅದಕ್ಕೂ ಬರುತ್ತದೆ. ಇಡೀ ಡಿಸ್ಕನ್ನು ಕಡತವಾಗಿ ಹಿಡಿದಿಡುವ, ಬೇರೆ ಬೇರೆ ದಿನಾಂಕಗಳ ಇಮೇಜ್ ಕಡತಗಳು, ಅವುಗಳಲ್ಲಿ ಒಂದಾದರೂ ಯಂತ್ರದಿಂದ ಬಿಡಿಸಿಟ್ಟ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಕಟ್ಟಡದಲ್ಲಿ ಇರಬೇಕು. ಆ ಬ್ಯಾಕಪ್ಪಿನ ಜೊತೆಗೇ ಬಯೋಸ್ ಸೆಟ್ಟಿಂಗ್‌ಗಳ ಚಿತ್ರಗಳೂ ಬಿಟ್‌ಲಾಕರ್ ಕೀಯ ಮುದ್ರಿತ ಪ್ರತಿಯೂ ಒಂದು ಲಕೋಟೆಯಲ್ಲಿ ಇರಬೇಕು. ಇವಿಲ್ಲದಿದ್ದರೆ, ಮದರ್‌ಬೋರ್ಡ್ ಸುಟ್ಟು ಬೇರೆ ಯಂತ್ರದಲ್ಲಿ ಮರುಸ್ಥಾಪಿಸುವ ದಿನ ಬಂದಾಗ ಇಮೇಜ್ ಕಡತ ಕೈಯಲ್ಲಿದ್ದೂ ಕಾಯಬೇಕಾಗುತ್ತದೆ.

ಇನ್ನು ನನ್ನ ಕೋರಿಕೆಗಳು. ಡಿಸ್ಕ್ ಬದಲಿಸುವ ಪ್ರತಿಯೊಂದು ಅಂಗಡಿಯೂ ತನ್ನ ಬಿಲ್ಲಿನ ಹಿಂಬದಿಯಲ್ಲಿ ಬಯೋಸ್ ಮೋಡ್, ಸಾಟಾ ಅಥವಾ ವಿಎಂಡಿ ಆಯ್ಕೆ, ಸೆಕ್ಯೂರ್ ಬೂಟ್, ಟಿಪಿಎಂ, ಬೂಟ್ ಕ್ರಮ ಇಷ್ಟನ್ನು ಕೆಲಸಕ್ಕೆ ಮೊದಲು ಹೇಗಿತ್ತು, ಕೊಡುವಾಗ ಹೇಗಿದೆ ಎಂದು ಕನ್ನಡದಲ್ಲಿ ಬರೆದುಕೊಡಲಿ. ಹಳೆಯ ಡಿಸ್ಕ್ ಬಿಚ್ಚಿಟ್ಟು, ಹೊಸದರಿಂದ ಯಂತ್ರ ಪೂರ್ಣವಾಗಿ ಮುಚ್ಚಿ ತೆರೆಯುವುದನ್ನು ಗ್ರಾಹಕರ ಎದುರಿಗೇ ತೋರಿಸಲಿ. ಹಳೆಯ ಡಿಸ್ಕನ್ನು ಅಳಿಸದೆ ಗ್ರಾಹಕರ ಕೈಗೇ ಕೊಡಲಿ. ಸಹಕಾರ ಸಂಘಗಳು, ಗ್ರಾಮ ಪಂಚಾಯಿತಿಗಳು ಮತ್ತು ಶಾಲೆಗಳು ಕಂಪ್ಯೂಟರ್ ನಿರ್ವಹಣೆಯ ವಾರ್ಷಿಕ ಕರಾರಿನಲ್ಲಿ ಈ ದಾಖಲೆಯನ್ನು ಒಂದು ಷರತ್ತಾಗಿ ಸೇರಿಸಿಕೊಂಡರೆ, ಗುತ್ತಿಗೆದಾರರು ಬದಲಾದಾಗ ಹೊಸಬರು ಕತ್ತಲಲ್ಲಿ ತಡಕಾಡಬೇಕಾಗಿಲ್ಲ. ಕೈಗಾರಿಕಾ ತರಬೇತಿ ಸಂಸ್ಥೆಗಳ ಕೋಪಾ (ಕಂಪ್ಯೂಟರ್ ಆಪರೇಟರ್ ಮತ್ತು ಪ್ರೋಗ್ರಾಮಿಂಗ್ ಅಸಿಸ್ಟೆಂಟ್) ತರಗತಿಗಳಲ್ಲಿ, ಬಳಕೆಯಿಂದ ತೆಗೆದ ಹಳೆಯ ಯಂತ್ರಗಳ ಮೇಲೆ, ಸೆಟ್ಟಿಂಗ್ ಬರೆದುಕೊಳ್ಳುವುದರಿಂದ ಹಿಡಿದು ನಕಲು ಪರೀಕ್ಷಿಸುವವರೆಗಿನ ಕ್ರಮವನ್ನು ಮಕ್ಕಳ ಕೈಯಿಂದಲೇ ಮಾಡಿಸಲಿ. ಫರ್ಮ್‌ವೇರಿನ ಪರದೆ ಇಂಗ್ಲಿಷಿನಲ್ಲಿದ್ದು, ಹಳ್ಳಿಗಾಡಿನ ಕಚೇರಿಗಳಲ್ಲಿ ಅದನ್ನು ಕಂಡರೆ ಹೆದರುವವರೇ ಹೆಚ್ಚಾಗಿರುವುದರಿಂದ, ಪ್ರತಿ ಸೆಟ್ಟಿಂಗ್ ಏನು ಮಾಡುತ್ತದೆ, ಯಾವುದನ್ನು ಮುಟ್ಟಬಾರದು ಎಂದು ತಿಳಿಸುವ ಒಂದೇ ಹಾಳೆಯ ಕನ್ನಡ ಸೂಚನಾಪತ್ರವನ್ನು ಸರ್ಕಾರದ ಇ-ಆಡಳಿತ ಇಲಾಖೆ ಹೊರತಂದು ಪ್ರತಿ ಕಚೇರಿಯ ಕಂಪ್ಯೂಟರಿನ ಪಕ್ಕದಲ್ಲಿ ಅಂಟಿಸುವಂತೆ ಮಾಡಬೇಕೆಂದು ವಿನಂತಿಸುತ್ತೇನೆ. ಅಂತಹ ಹಾಳೆಯ ಕರಡು ಸಿದ್ಧಪಡಿಸಲು ನನ್ನಂತೆ ಈ ವೃತ್ತಿಯಲ್ಲಿರುವ ಅನೇಕರು ಸಂಭಾವನೆಯಿಲ್ಲದೆ ಕೈಜೋಡಿಸಲು ಸಿದ್ಧರಿದ್ದೇವೆ.

ತಮ್ಮ ವಿಶ್ವಾಸಿ,
ಕಂಪ್ಯೂಟರ್ ದುರಸ್ತಿ ವೃತ್ತಿಯ ಓದುಗ,
ತಿಪಟೂರು